ತೋಟದ ಮನೆಗೆ ಏರ್‌ಫೈಬರೋ, ಕಂಬದ ಡಿಶ್ಶೋ?

ಫೈಬರ್ ಕೇಬಲ್ ಬಾರದ ಅಡಿಕೆ ತೋಟದ ಮನೆಗೆ ಇಂಟರ್ನೆಟ್ಟಿಗೆ ಏನು ಹಾಕಿಸಲಿ ಎಂದು ಕೇಳಿದ್ದೀರಿ. ಮುಖ್ಯವಾಗಿ ಇರುವುದು ಎರಡು ದಾರಿ: ಮೊಬೈಲ್ ಕಂಪನಿಗಳು 2023ರಲ್ಲಿ ಶುರುಮಾಡಿದ 5ಜಿ ಏರ್‌ಫೈಬರ್ (ಮೊಬೈಲ್ ಟವರಿನ 5ಜಿ ಸಿಗ್ನಲ್ ಹಿಡಿದು ಮನೆಗೆ ವೈಫೈ ಕೊಡುವುದು), ಇಲ್ಲವೇ ಊರಿನ ಇಂಟರ್ನೆಟ್ ಆಪರೇಟರ್ ತನ್ನ ಟವರಿನಿಂದ ಕೊಡುವ, ಕಂಬದ ಮೇಲೆ ಕೂರಿಸುವ ರೇಡಿಯೋ ಡಿಶ್.

ಮೊದಲು ಸಿಗ್ನಲ್. 5ಜಿ ಫೋನ್ ಹಿಡಿದು ಮಾಡು ಹತ್ತಿ, ಅದೂ ರಾತ್ರಿ ಎಂಟೂವರೆಗೆ, ಊರಿಗೆ ಊರೇ ರೀಲ್ಸ್ ನೋಡುವ ಹೊತ್ತಿಗೆ. ಆಗ ಸಿಗುವ ವೇಗವೇ ನಿಜವಾದ ವೇಗ. ಡಿಶ್ಶಿಗಾದರೆ ಆಪರೇಟರನ ಟವರ್ ನೇರ ಕಣ್ಣಿಗೆ ಬೀಳಬೇಕು. ನಮ್ಮ ಮನೆಯದು ಚಳಿಗಾಲದಲ್ಲಿ ಚೆನ್ನಾಗಿತ್ತು, ಜೂನಿನಲ್ಲಿ ಕೈಕೊಟ್ಟಿತು. ನೋಡಿದರೆ ಹಲಸಿನ ಕೊಂಬೆ ಚಿಗುರಿ, ಒದ್ದೆ ಎಲೆಗಳು ಅಡ್ಡ ನಿಂತಿದ್ದವು! ಕತ್ತಿ ಹಾಕಿದ ಮೇಲೆ ಸರಿಹೋಯಿತು.

ಖರ್ಚಿನಲ್ಲಿ ಏರ್‌ಫೈಬರ್ ಹಗುರ. ಡಿಶ್ಶಿಗೆ ಎತ್ತರದ ಜಿಐ ಪೈಪು, ಅದು ಅಲುಗದಂತೆ ಎಳೆದು ಕಟ್ಟುವ ಬಿಗಿತಂತಿ ಬೇಕು. ತಿಂಗಳ ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಿ. ಡೇಟಾ ಮಿತಿಯನ್ನೂ ಕೇಳಿಕೊಳ್ಳಿ.

ಕರೆಂಟ್ ಹೋದರೆ ಎರಡಕ್ಕೂ ಇನ್ವರ್ಟರ್ ಬೇಕು. ಗುಡುಗಿದರೆ ಪ್ಲಗ್ಗಿನ ಜೊತೆ ಹೊರಗಿನ ಸಾಧನದಿಂದ ರೂಟರಿಗೆ ಬರುವ ಲ್ಯಾನ್ ತಂತಿಯನ್ನೂ ಕಳಚಿ.

ಮಾಡಿನ ಮೇಲೆ 5ಜಿ ಗಟ್ಟಿಯಾಗಿದ್ದು, ಮಕ್ಕಳ ಪಾಠ, ಸಿನಿಮಾ ಇಷ್ಟೇ ಆದರೆ ಏರ್‌ಫೈಬರ್ ಸಾಕು. ಕಚೇರಿಗೆ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಬೇಕಿದ್ದರೆ, ಸಂಪರ್ಕ ಕೆಟ್ಟ ದಿನವೇ ಯಾರಾದರೂ ಬೈಕ್ ಹತ್ತಿ ಬರಬೇಕೆಂದರೆ, ಆಪರೇಟರನ್ನೇ ಮೊದಲು ವಿಚಾರಿಸಿ.