ಡೇಟ್ ಮುಗಿದ ದಿನಸಿ ಮನೆಗೆ ಬಂದರೆ: ರಿಫಂಡ್ ಬಂತೆಂದು ಪೊಟ್ಟಣ ಎಸೆಯಬೇಡಿ

ಆನ್‌ಲೈನ್‌ನಲ್ಲಿ ದಿನಸಿ ತರಿಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ.

ನಡೆಯುವುದು ಹೀಗೆ. ಅರ್ಧ ಕಿಲೋ ಕಡಲೆಹಿಟ್ಟು ಆರ್ಡರ್ ಮಾಡುತ್ತೀರಿ. ಹತ್ತು ಹದಿನೈದು ನಿಮಿಷಕ್ಕೆ ಚೀಲ ಬಾಗಿಲಿಗೆ ಬರುತ್ತದೆ. ಡಬ್ಬಿಗೆ ಸುರಿಯುವಾಗ ಹಿಟ್ಟು ಗಂಟುಗಂಟಾಗಿ ಬೀಳುತ್ತದೆ, ನಡುವೆ ಜೇಡರ ಬಲೆಯಂಥ ಎಳೆ, ಮೂಗಿಗೆ ಕಮಟು ವಾಸನೆ. ಪೊಟ್ಟಣ ತಿರುಗಿಸಿ ನೋಡಿದರೆ ಹಿಂಬದಿಯ ಅಂಟಿನ ಮಡಿಕೆಯೊಳಗೆ ಚುಕ್ಕೆ ಅಕ್ಷರದಲ್ಲಿ ತಿಂಗಳು ಇದೆ, ಅದು ಯಾವಾಗಲೋ ಮುಗಿದಿದೆ. ಆ್ಯಪ್‌ನ ಚಾಟ್‌ಗೆ ಫೋಟೊ ಹಾಕುತ್ತೀರಿ. ವಿಷಾದದ ಎರಡು ಸಾಲು ಬರುತ್ತದೆ, ಹಣ ವ್ಯಾಲೆಟ್‌ಗೆ ಜಮಾ ಆಗುತ್ತದೆ, ‘ಪೊಟ್ಟಣ ವಾಪಸ್ ಬೇಡ, ನೀವೇ ವಿಲೇವಾರಿ ಮಾಡಿ’ ಎನ್ನುತ್ತಾರೆ. ಚಾಟ್ ಮುಚ್ಚಿಹೋಗುತ್ತದೆ, ಪೊಟ್ಟಣ ಕಸದ ಬುಟ್ಟಿ ಸೇರುತ್ತದೆ.

ಮೋಸಹೋಗುವುದು ಇಲ್ಲಿಯೇ. ನಿಮ್ಮ ಹಣ ಬಂತು, ಆದರೆ ಅದೇ ಬ್ಯಾಚಿನ ಉಳಿದ ಪೊಟ್ಟಣಗಳು ಕಪಾಟಿನಲ್ಲೇ ಇವೆ. ರಿಫಂಡ್ ಕೊಡುವುದು ಕಸ್ಟಮರ್ ಕೇರ್‌ನವರು, ಸರಕು ತೆಗೆಯಬೇಕಾದ್ದು ಗೋದಾಮಿನವರು. ಚಾಟ್‌ನಲ್ಲಿ ಹೇಳಿದ ಮಾತು ಕಪಾಟಿನ ತನಕ ತಲುಪುತ್ತದೆ ಎಂಬ ಖಾತರಿ ಏನೂ ಇಲ್ಲ. ಕೈಯಲ್ಲಿದ್ದ ಒಂದೇ ಸಾಕ್ಷಿಯನ್ನು ನೀವು ಎಸೆದಾಗಿದೆ.

ಹೀಗೇಕೆ ಆಗುತ್ತದೆ ಎಂದು ತಿಳಿದರೆ ಎಲ್ಲಿ ಹುಷಾರಾಗಿರಬೇಕೆಂದೂ ತಿಳಿಯುತ್ತದೆ. ಪೊಟ್ಟಣದ ಮೇಲೆ 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡ್ ನೋಡಿರುತ್ತೀರಿ. ಅದು ಹೇಳುವುದು ‘ಇದು ಇಂಥ ಬ್ರ್ಯಾಂಡಿನ ಅರ್ಧ ಕಿಲೋ ಕಡಲೆಹಿಟ್ಟು’ ಎಂದಷ್ಟೇ. ಬ್ಯಾಚ್ ಯಾವುದು, ಡೇಟ್ ಯಾವತ್ತು ಮುಗಿಯುತ್ತದೆ ಎಂಬುದು ಅದರಲ್ಲಿಲ್ಲ. ಹೋದ ವರ್ಷದ ಪೊಟ್ಟಣಕ್ಕೂ ಮೊನ್ನೆ ಬಂದದ್ದಕ್ಕೂ ಕೋಡ್ ಒಂದೇ. ಗೋದಾಮಿಗೆ ಸರಕು ಇಳಿದಾಗ ಎಕ್ಸ್‌ಪೈರಿಯನ್ನು ಸಿಬ್ಬಂದಿ ಬೇರೆಯಾಗಿ ನಮೂದಿಸಬೇಕು. ಅಲ್ಲಿ ಒಂದು ಅಂಕಿ ತಪ್ಪಿದರೆ, ಇಲ್ಲವೇ ಹಳೆ ಬ್ಯಾಚಿನ ಮೇಲೆಯೇ ಹೊಸ ಬ್ಯಾಚ್ ಒಟ್ಟಿದರೆ, ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲವೂ ತಾಜಾ. ಡೇಟ್ ಮೊದಲು ಮುಗಿಯುವುದನ್ನು ಮೊದಲು ಕಳಿಸಬೇಕೆಂಬುದು ದಾಸ್ತಾನಿನ ಮೂಲ ನಿಯಮ. ಆದರೆ ನಿಮಿಷಗಳ ಗಡುವಿನಲ್ಲಿ ಸರಕು ಆಯುವ ಹುಡುಗ ಕೈಗೆ ಸಿಕ್ಕಿದ್ದನ್ನು ಸ್ಕ್ಯಾನ್ ಮಾಡುತ್ತಾನೆ, ಯಂತ್ರ ಹಸಿರು ತೋರಿಸುತ್ತದೆ, ಚೀಲಕ್ಕೆ ಹಾಕುತ್ತಾನೆ. ಕಣ್ಣಿಟ್ಟು ಡೇಟ್ ಓದುವ ಮೊದಲ ಮನುಷ್ಯ ಎಷ್ಟೋ ಸಲ ನೀವೇ.

ಆ್ಯಪ್‌ನ ಪುಟದಲ್ಲಿರುವ ‘ಬಾಳಿಕೆ: 6 ತಿಂಗಳು’ ಎಂಬ ಸಾಲನ್ನು ನಂಬಿಕೊಳ್ಳಬೇಡಿ. ಅದು ಆ ಬಗೆಯ ಸರಕಿನ ಬಗ್ಗೆ ಬರೆದದ್ದು, ನಿಮಗೆ ಬರುವ ಪೊಟ್ಟಣದ ಬಗ್ಗೆ ಅಲ್ಲ. ತಯಾರಾದ ತಿಂಗಳು, ವರ್ಷವನ್ನು ಆ್ಯಪ್‌ನಲ್ಲಿ ತೋರಿಸುವುದರಿಂದ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳೇ ವಿನಾಯಿತಿ ಕೊಟ್ಟಿವೆ.

ಇದು ಎಲ್ಲೋ ಒಂದೆರಡು ಕಡೆ ಆಗುವ ಮಾತೂ ಅಲ್ಲ. 2025ರ ಜೂನ್‌ನಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಮುಂಬೈನ ಧಾರಾವಿಯ ಒಂದು ಡಾರ್ಕ್ ಸ್ಟೋರಿನ, ಅಂದರೆ ಆನ್‌ಲೈನ್ ಆರ್ಡರಿಗೆಂದೇ ಇರುವ ಗೋದಾಮಿನ, ಲೈಸೆನ್ಸನ್ನೇ ಅಮಾನತು ಮಾಡಿತು. ಕೆಲವು ಸರಕಿಗೆ ಬೂಷ್ಟು ಹಿಡಿದಿತ್ತು, ಡೇಟ್ ಮುಗಿದದ್ದನ್ನು ಉಳಿದವುಗಳಿಂದ ಬೇರ್ಪಡಿಸಿರಲಿಲ್ಲ, ಶೀತಲ ಕಪಾಟಿನ ಉಷ್ಣತೆ ಸರಿಯಿರಲಿಲ್ಲ.

ಚೀಲ ಬಂದ ಕೂಡಲೇ ಏನು ನೋಡಬೇಕು? ಮೊದಲು ಹಾಲು, ಮೊಸರು, ಪನೀರು, ಬ್ರೆಡ್ಡು, ದೋಸೆಹಿಟ್ಟು. ಇವುಗಳ ದೂರಿಗೆ ಆ್ಯಪ್‌ಗಳು ಕೊಡುವ ಕಾಲಾವಕಾಶ ತೀರಾ ಕಡಿಮೆ. ಎಷ್ಟೆಂದು ಆರ್ಡರ್ ಪುಟದಲ್ಲೇ ಇರುತ್ತದೆ, ಓದಿಕೊಂಡಿರಿ. ಪೊಟ್ಟಣ ಅಥವಾ ಕಪ್ ಉಬ್ಬಿದ್ದರೆ ಡೇಟ್ ಸರಿಯಿದ್ದರೂ ಬೇಡ. ದಾರಿಯುದ್ದಕ್ಕೂ ಇರಬೇಕಾದ ತಂಪು ತಪ್ಪಿ ಒಳಗೆ ಸೂಕ್ಷ್ಮಜೀವಿ ಬೆಳೆದು ಗ್ಯಾಸ್ ತುಂಬಿದೆ ಎಂಬುದರ ಗುರುತು ಅದು. ಆಮೇಲೆ ಮಕ್ಕಳ ಆಹಾರ, ಹಾಲಿನ ಪುಡಿ. ಇದರಲ್ಲಿ ‘ಒಂದು ವಾರ ತಾನೇ ಮೀರಿದ್ದು’ ಎಂಬ ರಾಜಿ ಖಂಡಿತ ಬೇಡ. ಕಡಲೆಬೀಜ, ಒಣಹಣ್ಣು, ಮಸಾಲೆಪುಡಿ ಕೊನೆಗೆ ನೋಡಿದರೂ ಬಿಡದೆ ನೋಡಿ. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಮನೆಯ ಬಾಣಲೆಯಲ್ಲಿ ಹುರಿದರೆ ಅದು ಪೂರ್ತಿ ನಾಶವಾಗುವುದಿಲ್ಲ. ಆರಿಸಿ, ಹುರಿದು ಬಳಸೋಣ ಎಂದು ಅಮ್ಮಂದಿರು ಹೇಳುವುದುಂಟು, ಬೇಡವೆನ್ನಿ.

ಡೇಟ್ ಹುಡುಕುವುದೇ ಒಂದು ಕೆಲಸ. ಪೌಚ್‌ಗಳಲ್ಲಿ ಮೇಲಿನ ಅಂಚಿನ ಪಟ್ಟಿಯ ಮೇಲೋ ಹಿಂದಿನ ಅಂಟಿನ ಮಡಿಕೆಯಲ್ಲೋ ಇರುತ್ತದೆ, ಬಾಟಲಿಗಳಲ್ಲಿ ಕುತ್ತಿಗೆಯ ಮೇಲೋ ಮುಚ್ಚಳದ ಮೇಲೋ, ಡಬ್ಬಿಗಳಲ್ಲಿ ತಳದಲ್ಲಿ. ಮಿರುಗುವ ಪ್ಲಾಸ್ಟಿಕ್ಕಿನ ಮೇಲಿನ ಕಪ್ಪು ಚುಕ್ಕೆ ಅಕ್ಷರ ಕಾಣದಿದ್ದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಎದ್ದು ಕಾಣುತ್ತದೆ. ಬಾಳಿಕೆ ಮೂರು ತಿಂಗಳೊಳಗಿನ ಸರಕಿಗೆ ದಿನ, ತಿಂಗಳು, ವರ್ಷ ಮೂರೂ ಇರಬೇಕು. ಅದಕ್ಕಿಂತ ಹೆಚ್ಚಿನದಕ್ಕೆ ತಿಂಗಳು, ವರ್ಷ ಸಾಕು. 2020ರ ಲೇಬಲಿಂಗ್ ನಿಯಮಗಳ ಪ್ರಕಾರ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನಾಂಕ ಕಡ್ಡಾಯ, ‘ಬೆಸ್ಟ್ ಬಿಫೋರ್’ ಬೇಕಿದ್ದರೆ ಹಾಕಬಹುದಾದ ಹೆಚ್ಚುವರಿ ಮಾಹಿತಿ. ಬೆಸ್ಟ್ ಬಿಫೋರ್ ದಾಟಿದರೆ ರುಚಿ, ಗುಣ ಇಳಿದಿರುತ್ತದೆ. ಯೂಸ್ ಬೈ ದಾಟಿದ್ದನ್ನು ಮಾರುವಂತೆಯೇ ಇಲ್ಲ.

ಡೇಟನ್ನೇ ತಿದ್ದಿ ಮಾರುವವರೂ ಇದ್ದಾರೆ. ಇಂಕಿನಲ್ಲಿ ಒತ್ತಿದ ಅಕ್ಷರವನ್ನು ಥಿನ್ನರ್‌ನಿಂದ ಒರೆಸಿ ಹೊಸದು ಒತ್ತುತ್ತಾರೆ. ಆ ಜಾಗದಲ್ಲಿ ಪ್ಯಾಕಿನ ಹೊಳಪು ಮಾಸಿರುತ್ತದೆ, ಹಳೆ ಅಕ್ಷರದ ಮಸಿ ನೆರಳಿನ ಹಾಗೆ ಉಳಿದಿರುತ್ತದೆ, ಬ್ಯಾಚ್ ನಂಬರಿನ ಅಕ್ಷರ ಒಂದು ಬಗೆ, ಡೇಟಿನದ್ದು ಇನ್ನೊಂದು ಬಗೆ. ಡೇಟಿನ ಮೇಲೆಯೇ ಸ್ಟಿಕ್ಕರ್ ಅಂಟಿಸಿದ್ದರೆ ಕೂಡಲೇ ಕೀಳಬೇಡಿ, ಕೀಳುವ ಮೊದಲು ವಿಡಿಯೊ ಮಾಡಿ. ಗೋದಾಮಿನಲ್ಲೇ ತುಂಬಿದ ಬೇಳೆ, ದ್ರಾಕ್ಷಿ, ಗೋಡಂಬಿಗಳಲ್ಲಿ ‘ಪ್ಯಾಕ್ ಮಾಡಿದ ದಿನ’ ಚೀಲಕ್ಕೆ ತುಂಬಿದ ದಿನ ಮಾತ್ರ. ಒಂದು ಕೊಂಡರೆ ಒಂದು ಉಚಿತ ಎನ್ನುವ ಕಟ್ಟಿನಲ್ಲಿ ಎರಡರ ಡೇಟನ್ನೂ ನೋಡಿ, ಒಳಗಿನದು ಬೇರೆ ಬ್ಯಾಚಿನದಾಗಿರಬಹುದು.

ಡೇಟ್ ಇನ್ನೂ ಮುಗಿದಿಲ್ಲ, ಆದರೆ ನಾಲ್ಕು ದಿನ ಉಳಿದಿದೆ ಎಂದಾದರೂ ಸುಮ್ಮನಿರಬೇಕಿಲ್ಲ. ಗ್ರಾಹಕನ ಕೈಗೆ ತಲುಪುವಾಗ ಬಾಳಿಕೆಯಲ್ಲಿ ಕನಿಷ್ಠ ಶೇ. 30ರಷ್ಟು, ಅಥವಾ 45 ದಿನ ಉಳಿದಿರಬೇಕು ಎಂದು 2024ರ ನವೆಂಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿದೆ. ಆರು ತಿಂಗಳ ಬಾಳಿಕೆಯ ಕಡಲೆಹಿಟ್ಟಿಗೆ ಶೇ. 30 ಎಂದರೆ 54 ದಿನ. ಅದು ಹತ್ತು ದಿನ ಉಳಿಸಿಕೊಂಡು ಬಂದರೆ ದೂರಿನಲ್ಲಿ ಈ ಸೂಚನೆಯನ್ನೇ ಬರೆಯಿರಿ.

ಈಗ ಡೇಟ್ ಮುಗಿದದ್ದೇ ಬಂದಿದೆ ಅನ್ನಿ. ಕತ್ತರಿ ಹಾಕಬೇಡಿ. ಎಲ್ಲಿಯೂ ಕಟ್ ಮಾಡದೆ ಒಂದೇ ವಿಡಿಯೊ: ಆರ್ಡರ್ ನಂಬರಿನ ಚೀಟಿ ಇರುವ ಚೀಲ, ಒಡೆಯದ ಪೊಟ್ಟಣ, ಡೇಟ್, ಬ್ಯಾಚ್ ನಂಬರ್, ಎಂಆರ್‌ಪಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಆಮೇಲೆ ಡೇಟಿನ ಸ್ಪಷ್ಟ ಫೋಟೊ ಒಂದು. ಬಿಲ್ಲಿನ ಪಿಡಿಎಫ್ ಇಳಿಸಿಕೊಳ್ಳಿ. ಇದು ಮುಖ್ಯ, ಏಕೆಂದರೆ ಬಿಲ್ಲಿನಲ್ಲಿ ಮಾರಾಟಗಾರ ಎಂದು ಇರುವ ಹೆಸರು ಆ್ಯಪ್‌ನದ್ದಾಗಿರದೆ ಬೇರೊಂದು ಕಂಪನಿಯದ್ದಾಗಿರಬಹುದು. ದೂರಿನಲ್ಲಿ ಇಬ್ಬರ ಹೆಸರೂ ಬೇಕು. ಚಾಟ್‌ನ ಪ್ರತಿ ಪರದೆಯ ಸ್ಕ್ರೀನ್‌ಶಾಟ್ ಆಗಾಗಲೇ ತೆಗೆಯಿರಿ, ಮುಗಿದ ಚಾಟ್ ಆಮೇಲೆ ಸಿಗದೆ ಹೋಗಬಹುದು. ಪೊಟ್ಟಣವನ್ನು ಜಿಪ್ ಕವರಿನಲ್ಲಿ ಹಾಕಿ, ಮೇಲೆ ‘ತಿನ್ನಬೇಡಿ’ ಎಂದು ಬರೆದು, ಬೇಗ ಕೆಡುವಂಥದ್ದಾದರೆ ಫ್ರೀಜರಿನಲ್ಲಿ, ಇಲ್ಲದಿದ್ದರೆ ಬೇರೆ ದಿನಸಿಯಿಂದ ದೂರ ಇಡಿ. ದೂರು ಇತ್ಯರ್ಥವಾಗುವ ತನಕ ಅದು ಮನೆಯಲ್ಲಿರಲಿ.

ತಂದುಕೊಟ್ಟ ಹುಡುಗನನ್ನು ಬೈಯಬೇಡಿ, ಕಡಿಮೆ ಸ್ಟಾರ್ ಕೊಡಬೇಡಿ. ಕಟ್ಟಿದ ಚೀಲ ಎತ್ತಿಕೊಂಡು ಬರುವುದಷ್ಟೇ ಅವನ ಕೆಲಸ, ರೇಟಿಂಗ್ ಇಳಿದರೆ ಪೆಟ್ಟು ಬೀಳುವುದು ಅವನ ದುಡಿಮೆಗೆ.

ರಿಫಂಡ್ ತೆಗೆದುಕೊಳ್ಳಿ, ಅದು ನಿಮ್ಮ ದುಡ್ಡು. ಸಾಧ್ಯವಾದರೆ ವ್ಯಾಲೆಟ್ ಬಿಟ್ಟು ಪಾವತಿ ಮಾಡಿದ ಖಾತೆಗೇ ಕೇಳಿ. ಅಲ್ಲಿಗೆ ನಿಲ್ಲಿಸದೆ ಆ್ಯಪ್‌ನಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ಹುಡುಕಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಅಧಿಕಾರಿಯ ಹೆಸರು, ಸಂಪರ್ಕವನ್ನು ಪ್ರಕಟಿಸಲೇಬೇಕು, 48 ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಬರೆಯಬೇಕಾದ್ದು ನಾಲ್ಕೈದು ಸಾಲು: ಆರ್ಡರ್ ನಂಬರ್, ತಲುಪಿದ ದಿನ ಮತ್ತು ಹೊತ್ತು, ಸರಕು, ಬ್ಯಾಚ್, ಡೇಟ್. ಕೇಳಬೇಕಾದ್ದು ಎರಡು: ಈ ಬ್ಯಾಚಿನ ಉಳಿದ ಪೊಟ್ಟಣಗಳನ್ನು ಆ ಸ್ಟೋರಿನಿಂದ ತೆಗೆದಿದ್ದೀರಾ, ಇದೇ ಬ್ಯಾಚ್ ಹೋದ ಬೇರೆ ಮನೆಗಳಿಗೆ ತಿಳಿಸಿದ್ದೀರಾ? ಲಿಖಿತ ಉತ್ತರ ಬೇಕೆಂದು ಹೇಳಿ.

ಇದರ ಜೊತೆಗೇ, ಉತ್ತರಕ್ಕೆ ಕಾಯದೆ, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಿ. ಸಹಾಯವಾಣಿ 1800-112-100. 2006ರ ಆಹಾರ ಸುರಕ್ಷತಾ ಕಾಯ್ದೆಯ 27ನೇ ಸೆಕ್ಷನ್ ಡೇಟ್ ಮುಗಿದ ಮೇಲೆ ಮಾರಿದ್ದಕ್ಕೆ ಮಾರಾಟಗಾರನನ್ನೂ, ಹಾಗೆ ಸರಬರಾಜು ಮಾಡಿದ್ದಕ್ಕೆ ವಿತರಕನನ್ನೂ ಹೊಣೆ ಮಾಡುತ್ತದೆ. ಗೋದಾಮಿಗೆ ಹೋಗಿ ಕಪಾಟು ತಪಾಸಣೆ ಮಾಡುವ ಅಧಿಕಾರ ಇರುವುದು ಆಹಾರ ಸುರಕ್ಷತಾ ಅಧಿಕಾರಿಗೆ. ನಮ್ಮ ರಾಜ್ಯದಲ್ಲಿ ಜಿಲ್ಲೆಯ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಂಕಿತ ಅಧಿಕಾರಿಗೆ ನೇರವಾಗಿಯೂ ಬರೆಯಬಹುದು. ಎಲ್ಲ ದಾರಿಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಇದೇ, ಜನ ಕೈಬಿಡುವುದೂ ಇದನ್ನೇ. ಅರವತ್ತು ರೂಪಾಯಿಯ ಸರಕಿಗೆ ಇಷ್ಟೆಲ್ಲ ಯಾಕೆ ಎನ್ನಿಸುತ್ತದೆ. ಆದರೆ ಆ ಪೊಟ್ಟಣ ಇಟ್ಟ ಕಪಾಟಿನಿಂದಲೇ ಸುತ್ತಲ ಎರಡು ಮೂರು ಕಿಲೋಮೀಟರಿನ ಮನೆಗಳಿಗೆಲ್ಲ ಸರಕು ಹೋಗುತ್ತದೆ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಬ್ಯಾಚ್ ನಂಬರ್ ಹಾಕಿ ನೋಡಿ, ಇನ್ನೊಂದು ಮನೆಯಲ್ಲೂ ಅದೇ ಸಿಕ್ಕರೆ ದೂರು ಗಟ್ಟಿಯಾಗುತ್ತದೆ.

ಕಂಪನಿ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು. ಅದೂ ಆಗದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಜಿಲ್ಲಾ ಗ್ರಾಹಕ ಆಯೋಗ. ಸರಕಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಗಡುವು ಎರಡು ವರ್ಷ. ತಿಂದು ಯಾರಿಗಾದರೂ ಹುಷಾರು ತಪ್ಪಿದ್ದರೆ ವೈದ್ಯರ ಚೀಟಿಯಲ್ಲಿ ಏನು ತಿಂದದ್ದು, ಯಾವಾಗ ತಿಂದದ್ದು ಎಂದು ಬರೆಸಿಕೊಳ್ಳಿ. ಔಷಧಿ ಬಿಲ್ಲು, ಉಳಿದ ಆಹಾರ ಎರಡನ್ನೂ ಇಟ್ಟುಕೊಳ್ಳಿ.

ಇನ್ನೊಂದು ಅಪಾಯ ಇದೇ ಹೊತ್ತಿಗೆ ಕಾದಿರುತ್ತದೆ. ಸಿಟ್ಟಿನಲ್ಲಿ ಇಂಟರ್‌ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ, ಅಲ್ಲಿ ವಂಚಕರು ಹಾಕಿದ ನಂಬರುಗಳಿವೆ. ‘ರಿಫಂಡ್ ಕಳಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಕ್ಯೂಆರ್ ಸ್ಕ್ಯಾನ್ ಮಾಡಿ, ಯುಪಿಐ ಪಿನ್ ಒತ್ತಿ’ ಎಂದರೆ ಕೂಡಲೇ ಫೋನ್ ಇಡಿ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿ ದುಡ್ಡು ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.