ಬೋರ್ ನೀರಿನ ಗಡಸು ಇಳಿಸಲು ನಾವು ಮಾಡಿ ನೋಡಿದ್ದು: ಯಾವುದು ಕೆಲಸ ಮಾಡಿತು, ಯಾವುದು ದುಡ್ಡು ದಂಡ

ಬೆಂಗಳೂರಿನ ಹೊರಮಾವಿನ ಈ ಮನೆಗೆ ಬಂದು ನಾಲ್ಕು ವರ್ಷ ಆಯಿತು. ಮೊದಲ ವಾರದಲ್ಲೇ ಅತ್ತೆ ಕುಕ್ಕರ್ ಮುಚ್ಚಳ ತೆಗೆದು, "ಇದೇನಮ್ಮಾ, ಆರು ಸೀಟಿ ಆಯ್ತು, ಬೇಳೆ ಇನ್ನೂ ಹಾಗೇ ಇದೆಯಲ್ಲ" ಅಂದರು. ಬೇಳೆ ಹಳೇದಿರಬೇಕು ಅಂದುಕೊಂಡು ಅಂಗಡಿ ಬದಲಿಸಿದೆವು. ಆಮೇಲೆ ಒಂದೊಂದಾಗಿ ಕಾಣಿಸತೊಡಗಿತು. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ, ನಲ್ಲಿಯ ಮೇಲೆ ಸುಣ್ಣದ ಚುಕ್ಕೆ, ತಲೆಸ್ನಾನ ಮಾಡಿದರೆ ತೆಂಗಿನ ನಾರಿನಂತಾಗುವ ಕೂದಲು. ಹನ್ನೊಂದನೇ ತಿಂಗಳಿಗೆ ಗೀಸರ್ ಕಾಯಿಲ್ ಸುಟ್ಟುಹೋಯಿತು. ರಿಪೇರಿಯವರು ಹೊರಗೆ ತೆಗೆದಾಗ ಒಳಗಿನ ಲೋಹವೇ ಕಾಣದಷ್ಟು ಕಲ್ಲು ಕಟ್ಟಿತ್ತು. ಅವತ್ತಿನಿಂದ ನಾನು ನೀರನ್ನು ಅಳೆಯಲು ಶುರು ಮಾಡಿದೆ.

ಮೊದಲು ಒಂದು ಮಾತು. ಎಲ್ಲರ ಮನೆಯಲ್ಲೂ ಈಗ ಪೆನ್ನಿನಂಥ ಟಿಡಿಎಸ್ ಮೀಟರ್ ಇರುತ್ತದೆ, ಅಲ್ವಾ? ಅದು ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಅಂದಾಜು ಕೊಡುತ್ತದೆ, ಅಷ್ಟೇ. ಗಡಸು ಅಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎಷ್ಟು ಅನ್ನುವ ಲೆಕ್ಕ. ಅದಕ್ಕೆ ಹನಿ ಹಾಕಿ ನೋಡುವ ಕಿಟ್ ಬೇಕು. ನೀರಿಗೆ ಬಣ್ಣದ ಪುಡಿ ಹಾಕಿದರೆ ಕೆಂಪಾಗುತ್ತದೆ. ಆಮೇಲೆ ಹನಿ ಹನಿಯಾಗಿ ದ್ರಾವಣ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ನೀಲಿಗೆ ತಿರುಗುತ್ತದೆ. ನನ್ನ ಕಿಟ್‌ನಲ್ಲಿ ಒಂದು ಹನಿ ಅಂದರೆ ಲೀಟರಿಗೆ 25 ಮಿಲಿಗ್ರಾಂ.

ನಮ್ಮ ಬೋರ್ ನೀರಿಗೆ 26 ಹನಿ ಬೇಕಾಯಿತು, ಅಂದರೆ 650. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸು 200ರ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮದು ಅದನ್ನೂ ದಾಟಿತ್ತು. ಜಯನಗರದ ಅಕ್ಕನ ಮನೆಯಿಂದ ಕಾವೇರಿ ನೀರು ಒಂದು ಬಾಟಲಿ ತಂದು ನೋಡಿದೆ: ಐದೇ ಹನಿ. ಒಂದೇ ಊರು, ಐದು ಪಟ್ಟು ವ್ಯತ್ಯಾಸ! ಅದು ಹೊಳೆಯ ನೀರು, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪ್ ಆಗಿ ಬರುವಂಥದ್ದು. ನಮ್ಮದು ನೂರಾರು ಅಡಿ ಕೆಳಗೆ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕೂತು, ಕಲ್ಲಿನ ಲವಣ ಕರಗಿಸಿಕೊಂಡು ಬಂದಿದ್ದು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದಾಗ ಒಂದು ಸಲ 14 ಹನಿ, ಇನ್ನೊಂದು ಸಲ 24. ಅದೂ ಎಲ್ಲಿಯದೋ ಬೋರ್ ನೀರೇ, ಹಾಗಾಗಿ ಅದನ್ನು ನಂಬಿ ಯಾವ ಲೆಕ್ಕವನ್ನೂ ಹಾಕಲಾಗದು.

ಮೊದಲು ಕೊಂಡದ್ದು ಶವರ್‌ಗೆ ಸಿಕ್ಕಿಸುವ ಫಿಲ್ಟರ್. ಕೂದಲು ಉದುರುತ್ತಿದ್ದುದು ನನಗೆ, ಹಾಗಾಗಿ ಆಸೆಯೂ ಜಾಸ್ತಿ ಇತ್ತು. ಹಾಕುವ ಮೊದಲು 26 ಹನಿ, ಹಾಕಿದ ಮೇಲೂ 26 ಹನಿ. ಇಂಥವು ಕ್ಲೋರಿನ್ ಹಿಡಿಯಬಹುದು, ಸುಣ್ಣವನ್ನು ಹಿಡಿಯುವುದಿಲ್ಲ. ನಮ್ಮ ಬೋರ್ ನೀರಿಗೆ ಕ್ಲೋರಿನ್ ಹಾಕುವವರೇ ಇಲ್ಲ! ಆಮೇಲೆ ಪೈಪಿನ ಸುತ್ತ ಕಟ್ಟುವ ಅಯಸ್ಕಾಂತ. ಎರಡು ತಿಂಗಳು ಕಟ್ಟಿಟ್ಟೆವು. ಹನಿ ಅಷ್ಟೇ, ಸೋಪಿನ ನೊರೆ ಅಷ್ಟೇ, ಕೆಟಲ್ ತಳದ ಬಿಳಿ ಪದರವೂ ಅಷ್ಟೇ. ಈ ಎರಡಕ್ಕೂ ದುಡ್ಡು ಹಾಕಬೇಡಿ ಅಂತ ಕೇಳಿದವರಿಗೆಲ್ಲ ನೇರವಾಗಿ ಹೇಳುತ್ತೇನೆ.

ಗೀಸರಿಗೂ ವಾಷಿಂಗ್ ಮಷೀನಿಗೂ ಮುಂಚೆ ಹಾಕುವ ಪಾಲಿಫಾಸ್ಫೇಟ್ ಕಾರ್ಟ್ರಿಜ್ ಮಾತ್ರ ಬೇರೆ ಕಥೆ. ಹನಿ ಲೆಕ್ಕದಲ್ಲಿ ಏನೂ ಇಳಿಯದ್ದರಿಂದ ಇದೂ ದಂಡ ಅಂದುಕೊಂಡಿದ್ದೆ. ಆದರೆ ಅದು ಗಡಸನ್ನು ತೆಗೆಯುವುದೇ ಇಲ್ಲ, ಸುಣ್ಣ ಗಟ್ಟಿಯಾಗಿ ಅಂಟಿಕೊಳ್ಳುವುದನ್ನು ತಡೆಯುತ್ತದೆ. ಆರು ತಿಂಗಳು ಬಿಟ್ಟು ಗೀಸರ್ ಬಿಚ್ಚಿಸಿದಾಗ ಕಾಯಿಲ್ ಮೇಲೆ ತೆಳುವಾದ ಪುಡಿ ಇತ್ತು, ಬಟ್ಟೆಯಲ್ಲಿ ಒರೆಸಿದರೆ ಬಂತು. ನೀರು ತುಂಬಾ ಕಾದರೆ ಇದರ ಶಕ್ತಿ ಕಡಿಮೆಯಾಗುತ್ತದೆ ಅಂತ ಗೀಸರನ್ನು 50 ಡಿಗ್ರಿಯಲ್ಲೇ ಇಟ್ಟಿದ್ದೆವು. ಬಾಡಿಗೆ ಮನೆಯವರಿಗೆ ನಾನು ಇದನ್ನೇ ಹೇಳುವುದು. ಕೂದಲಿಗೂ ಬೇಳೆಗೂ ಇದರಿಂದ ಪ್ರಯೋಜನವಿಲ್ಲ, ಕಾಯಿಲ್ ಮಾತ್ರ ಉಳಿಯುತ್ತದೆ.

ಕುದಿಸುವುದನ್ನೂ ಅಳೆದೆ. ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದರೆ 26 ಹನಿ 17ಕ್ಕೆ ಬಂತು. ಬೈಕಾರ್ಬನೇಟ್ ರೂಪದ ಸುಣ್ಣ ಪಾತ್ರೆಯ ತಳಕ್ಕೆ ಇಳಿಯಿತು, ಉಳಿದದ್ದು ಕುದಿಸಿದರೆ ಹೋಗುವಂಥದ್ದಲ್ಲ. ಗ್ಯಾಸ್ ಖರ್ಚು ನೋಡಿದರೆ ಇದು ದಿನದ ದಾರಿ ಅಲ್ಲ.

ಇನ್ನು ನಿಜವಾದ ಪೈಪೋಟಿ ಇದ್ದದ್ದು ಆರ್‌ಒ ಮತ್ತು ಸಾಫ್ಟ್‌ನರ್ ನಡುವೆ. ಜನ ಇವೆರಡನ್ನೂ ಒಂದೇ ಅಂತ ಮಾತಾಡುತ್ತಾರೆ, ಒಂದೇ ಅಲ್ಲ. ಆರ್‌ಒ ಅಂದರೆ ನೀರನ್ನು ತೆಳು ಪೊರೆಯಲ್ಲಿ ಒತ್ತಿ ಸೋಸಿ, ಹೆಚ್ಚಿನ ಲವಣವನ್ನು ಸ್ವಲ್ಪ ನೀರಿನ ಜೊತೆ ಹೊರಗೆ ಬಿಡುವ ಯಂತ್ರ. ನಮ್ಮ ಆರ್‌ಒ ಟಿಡಿಎಸ್ ಅನ್ನು 1,050ರಿಂದ 90ಕ್ಕೆ ಇಳಿಸಿತು, ಗಡಸು ಎರಡು ಹನಿ. ಬೇಳೆ ಮೂರು ಸೀಟಿಗೆ ಬೆಂದಿತು, ಕಾಫಿ ಡಿಕಾಕ್ಷನ್ ಮೇಲೆ ತೇಲುತ್ತಿದ್ದ ಪೊರೆ ಮಾಯವಾಯಿತು. ಆದರೆ ಕೆಳಗೆ ಬಕೆಟ್ ಇಟ್ಟು ಅಳೆದಾಗ ಒಂದು ಲೀಟರ್ ಒಳ್ಳೆ ನೀರಿಗೆ ಹೆಚ್ಚುಕಡಿಮೆ ಮೂರು ಲೀಟರ್ ಹೊರಗೆ ಹೋಗುತ್ತಿತ್ತು. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ, ಟ್ಯಾಂಕರಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದ ದಿನಗಳಲ್ಲಿ ಆ ಬಕೆಟ್ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಆ ನೀರಲ್ಲಿ ನೆಲ ಒರೆಸಿದರೆ ಬಿಳಿ ಕಲೆ ಉಳಿಯುತ್ತದೆ, ಹಾಗಾಗಿ ಟಾಯ್ಲೆಟ್‌ಗೆ ಮಾತ್ರ ಹಾಕುತ್ತೇವೆ. ಕಾವೇರಿ ನೀರು ಬರುವ ಅಕ್ಕನ ಮನೆಯಲ್ಲೂ ಆರ್‌ಒ ಇತ್ತು. ಅಲ್ಲಿನ ಟಿಡಿಎಸ್ 200ರ ಹತ್ತಿರ, ಮಾನಕ ಕೇಳುವುದು 500ರ ಒಳಗೆ. ಸುಮ್ನೆ ನೀರು ಚೆಲ್ಲುತ್ತಿದ್ದೀಯಲ್ಲಕ್ಕಾ ಅಂತ ಹೇಳಿ ತೆಗೆಸಿದೆ. ಈಗ ಅವಳು ಕುದಿಸಿ ಆರಿಸಿ ಕುಡಿಯುತ್ತಾಳೆ.

ಸಾಫ್ಟ್‌ನರ್ ಕೆಲಸ ಬೇರೆ. ಒಳಗಿರುವ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಮಣಿ ತುಂಬಿದ ಮೇಲೆ ಉಪ್ಪು ನೀರು ಹಾಯಿಸಿ ತೊಳೆಯಬೇಕು. ಮೊದಲ ದಿನ ಮೊದಲ ಹನಿಗೇ ನೀಲಿ ಬಂದಾಗ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಸೋಪು ಬೆಣ್ಣೆಯಂತೆ ನೊರೆ ಬಂತು, ಬಿಳಿ ಟವೆಲ್ ಮತ್ತೆ ಮೆತ್ತಗಾಯಿತು, ಬಟ್ಟೆಗೆ ಸೋಪಿನ ಪುಡಿ ಅರ್ಧದಷ್ಟು ಸಾಕಾಯಿತು. ಕೂದಲು ಉದುರುವುದು ನಿಲ್ಲಲಿಲ್ಲ, ಅದನ್ನೂ ಹೇಳಬೇಕು. ಒರಟುತನ ಮಾತ್ರ ಹೋಯಿತು.

ಆದರೆ ಟಿಡಿಎಸ್ ಮೀಟರ್ ಇಟ್ಟರೆ ಅದೇ 1,050, ಇಳಿಯಲೇ ಇಲ್ಲ. ಅಂಗಡಿಯವರು ಇದನ್ನು ನಮಗೆ ಹೇಳಿರಲಿಲ್ಲ. ನಾನೇ ಲೆಕ್ಕ ಹಾಕಿದೆ: 650 ಗಡಸಿನ ಜಾಗದಲ್ಲಿ ಲೀಟರಿಗೆ ಸುಮಾರು 300 ಮಿಲಿಗ್ರಾಂ ಸೋಡಿಯಂ ಬಂದು ಸೇರುತ್ತದೆ. ಅತ್ತೆಗೆ ಬಿಪಿ ಇದೆ. ಆ ನೀರಲ್ಲಿ ಬೇಳೆ ಬೇಗ ಬೇಯುತ್ತದೆ ನಿಜ, ಚಿಟಿಕೆ ಅಡುಗೆ ಸೋಡಾ ಹಾಕಿದ ಹಾಗೆ, ಆದರೆ ಸಾರಿನಲ್ಲಿ ಸೋಡಾದ ರುಚಿಯೂ ಬರುತ್ತದೆ. ಅವತ್ತೇ ಅಡುಗೆಮನೆಯ ಪೈಪನ್ನು ಅದರಿಂದ ಬೇರೆ ಮಾಡಿಸಿ, ಬಚ್ಚಲಿಗೂ ವಾಷಿಂಗ್ ಮಷೀನಿಗೂ ಮಾತ್ರ ಉಳಿಸಿಕೊಂಡೆವು.

ಆದರೂ ಅದು ಆರು ದಿನಕ್ಕೊಮ್ಮೆ ಮೂರು ಕೆಜಿ ಉಪ್ಪು ಕೇಳುತ್ತಿತ್ತು, ತಿಂಗಳಿಗೆ 15 ಕೆಜಿ. ತೊಳೆದ ನೀರನ್ನು ಒಂದು ಸಲ ಹಿತ್ತಿಲ ದಾಸವಾಳಕ್ಕೆ ಬಿಟ್ಟೆ. ವಾರದಲ್ಲಿ ಎಲೆಯ ಅಂಚು ಸುಟ್ಟು ಗಿಡ ಒಣಗಿಯೇ ಹೋಯಿತು. ಇಷ್ಟು ಉಪ್ಪು ಚರಂಡಿ ಸೇರಿ ಕೆರೆಗೆ ತಾನೇ ಹೋಗುವುದು ಅನ್ನುವ ಸಂಕಟ ನನಗೆ ಆಗಿನಿಂದ ಇದೆ.

ಇದಕ್ಕೆ ದಾರಿ ತೋರಿಸಿದ್ದು ಅತ್ತೆ. ಅವರು ತೀರ್ಥಹಳ್ಳಿ ಕಡೆಯವರು. "ಸೂರಿನ ನೀರು ಹಿಡಿಯೋದು ಬಿಟ್ಟು ಏನೇನೋ ಮಾಡ್ತಿದ್ದೀರಲ್ಲ" ಅಂದರು. ಮುಂಗಾರಿನಲ್ಲಿ ತಾರಸಿಯ ಪೈಪಿಗೆ ಒಂದು ಡ್ರಮ್ ಇಟ್ಟು, ಮೊದಲ ಹದಿನೈದು ನಿಮಿಷದ ಕೊಳೆ ನೀರು ಬಿಟ್ಟು, ಆಮೇಲಿನದ್ದು ಹಿಡಿದೆವು. ಹನಿ ಹಾಕಿದೆ. ಒಂದೇ ಹನಿ! ಕಾವೇರಿಗಿಂತ ಮೆದು. ಬೇಳೆ ಮೂರು ಸೀಟಿಗೆ ಬೆಂದಿತು, ಉಪ್ಪಿಲ್ಲ, ರೆಸಿನ್ ಇಲ್ಲ, ಹೊರಗೆ ಚೆಲ್ಲುವುದೂ ಇಲ್ಲ. ಅಡುಗೆಗೆ ಸೋಸಿ, ಕುದಿಸಿಯೇ ಬಳಸುತ್ತೇವೆ, ಯಾಕೆಂದರೆ ತಾರಸಿ ಮೇಲೆ ಪಾರಿವಾಳ ಇದೆ.

ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆ ನೀರು ಸಂಗ್ರಹ 2009ರಿಂದ ಕಡ್ಡಾಯ. ನಮ್ಮಲ್ಲೂ ಪೈಪು ಇತ್ತು, ನೇರ ಇಂಗುಗುಂಡಿಗೆ ಹೋಗುತ್ತಿತ್ತು. ಸಾವಿರ ಚದರಡಿ ತಾರಸಿಗೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರ್ ದಾಟುತ್ತದೆ. ಕಳೆದ ಸೆಪ್ಟೆಂಬರಿನಲ್ಲಿ ಒಂದು ಫಿಲ್ಟರ್ ಇಟ್ಟು ಆ ಪೈಪನ್ನು ಬೋರ್ ನೀರು ತುಂಬುವ ಸಂಪಿಗೇ ತಿರುಗಿಸಿದೆವು, ಸಂಪು ತುಂಬಿ ಹೆಚ್ಚಾದದ್ದು ಗುಂಡಿಗೆ. ಒಂದು ವಾರ ಚೆನ್ನಾಗಿ ಸುರಿದ ಮೇಲೆ ಸಂಪಿನ ನೀರು ಪರೀಕ್ಷಿಸಿದರೆ 26 ಹನಿಯ ಬದಲು 11. ಸಾಫ್ಟ್‌ನರ್ ಉಪ್ಪು ಕೇಳಿದ್ದು ಹದಿನಾಲ್ಕನೇ ದಿನಕ್ಕೆ. ನವೆಂಬರ್ ಕೊನೆಗೆ ಮತ್ತೆ 23ಕ್ಕೆ ಏರಿತು. ಈ ಸಲ ಮಳೆಗಾಲಕ್ಕೆ ಮುಂಚೆ ಅಡುಗೆಗೆ ಅಂತಲೇ 2,000 ಲೀಟರಿನ ಬೇರೆ ಟ್ಯಾಂಕ್ ಇಡಿಸುತ್ತಿದ್ದೇವೆ. ಜಾಗವನ್ನು ಅತ್ತೆಯೇ ಗುರುತು ಮಾಡಿದ್ದಾರೆ, ದಾಸವಾಳ ಇದ್ದ ಮೂಲೆಯಲ್ಲಿ.