ಪೋಕೆಮಾನ್ ಗೋ ಕೂಲ್‌ಡೌನ್: ಆ್ಯಪ್ ಟೈಮರ್, ಪಟ್ಟಿ, ಇಲ್ಲಾ ಎರಡು ಗಂಟೆ?

ಪೋಕೆಮಾನ್ ಗೋ ಮೊಬೈಲ್ ಆಟದಲ್ಲಿ ಬೆಂಗಳೂರಲ್ಲಿ ಒಂದು ಪೋಕೆಮಾನ್ ಹಿಡಿದು, ಕೂಡಲೇ ಫೋನಿನ ಲೊಕೇಶನ್ ಬದಲಿಸಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ಗೆ ಹಾರಿ ಅಲ್ಲಿನ ಸ್ಟಾಪ್ (ಆಟದ ಸಾಮಗ್ರಿ ಸಿಗುವ ಜಾಗ) ತಿರುಗಿಸಿದರೆ ಏನೂ ಸಿಗಲ್ಲ. ಬಾಲ್ ಎಸೆದರೆ ಪೋಕೆಮಾನ್ ಓಡಿಹೋಗುತ್ತದೆ. ಇದೇ ಸಾಫ್ಟ್ ಬ್ಯಾನ್, ಅಂದರೆ ತಾತ್ಕಾಲಿಕ ತಡೆ. ಇದನ್ನು ತಪ್ಪಿಸಲು ಕಾಯಬೇಕಾದ ಸಮಯವೇ ಕೂಲ್‌ಡೌನ್. ಲೆಕ್ಕ ಇಡುವ ಮೂರು ದಾರಿಗಳನ್ನೂ ನಾನು ಬಳಸಿ ನೋಡಿದ್ದೇನೆ.

ಸ್ಪೂಫಿಂಗ್ (ಸುಳ್ಳು ಲೊಕೇಶನ್ ತೋರಿಸುವ) ಆ್ಯಪ್‌ನಲ್ಲೇ ಬರುವ ಟೈಮರ್ ಕಣ್ಣೆದುರೇ ಓಡುತ್ತದೆ, ಅದೇ ಅದರ ಆಕರ್ಷಣೆ. ಆದರೆ ನಾನು ಬಳಸಿದ್ದು ಹಾರಿದ ಕ್ಷಣದಿಂದ ಎಣಿಸುತ್ತಿತ್ತು. ನಿಜವಾಗಿ ಎಣಿಸಬೇಕಾದ್ದು ಕೊನೆಯ ಕ್ರಿಯೆಯಿಂದ: ಬಾಲ್ ಎಸೆದದ್ದು, ಬೆರ್ರಿ ಕೊಟ್ಟದ್ದು, ಸ್ಟಾಪ್ ತಿರುಗಿಸಿದ್ದು. 7:40ಕ್ಕೆ ಕೊನೆಯದಾಗಿ ಹಿಡಿದು 8:00ಕ್ಕೆ ಹಾರಿದರೆ, 45 ನಿಮಿಷದ ಕಾಯುವಿಕೆ 8:25ಕ್ಕೇ ಮುಗಿಯುತ್ತದೆ. ಟೈಮರ್ ಮಾತ್ರ 8:45 ಅನ್ನುತ್ತದೆ. ಇದಾದರೂ ಪರವಾಗಿಲ್ಲ, ಸುಮ್ನೆ ಸ್ವಲ್ಪ ಹೊತ್ತು ಹಾಳು. ಫೋನಿಗೆ ಜೋಡಿಸುವ ಪುಟ್ಟ ಸಾಧನ ಗೋ ಪ್ಲಸ್ + ಆನ್ ಆಗಿದ್ದರೆ ಅಪಾಯ ಜಾಸ್ತಿ. ಹಾರಿದ ಮೇಲೆ ಅದು ತಾನಾಗೇ ಒಂದು ಸ್ಟಾಪ್ ತಿರುಗಿಸಿದರೂ ಟೈಮರ್‌ಗೆ ಗೊತ್ತೇ ಆಗಲ್ಲ. ಹಾರುವ ಮೊದಲು ಅದನ್ನು ಆಫ್ ಮಾಡಿಬಿಡಿ.

ನನಗೆ ಹಿಡಿಸಿದ್ದು ಎಷ್ಟು ದೂರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಪಟ್ಟಿ ಮತ್ತು ಫೋನಿನ ಅಲಾರಂ. ಪಟ್ಟಿ ಕಂಪನಿ ಕೊಟ್ಟದ್ದಲ್ಲ, ಆಟಗಾರರೇ ಆಡಿ ಆಡಿ ಕಟ್ಟಿದ್ದು. 10 ಕಿ.ಮೀ.ಗೆ ಸುಮಾರು 7 ನಿಮಿಷ, 100ಕ್ಕೆ 35, 250ಕ್ಕೆ 45, 500ಕ್ಕೆ ಒಂದು ಗಂಟೆ. 1,500 ಕಿ.ಮೀ. ದಾಟಿದರೆ ಎಷ್ಟೇ ದೂರವಾದರೂ ಎರಡು ಗಂಟೆ. ಪಟ್ಟಿಯಿಂದ ಪಟ್ಟಿಗೆ ಒಂದೆರಡು ನಿಮಿಷ ಹೆಚ್ಚುಕಮ್ಮಿ ಇರುತ್ತದೆ, ಹಾಗಾಗಿ ನಾನು ಐದು ನಿಮಿಷ ಸೇರಿಸಿಯೇ ಅಲಾರಂ ಇಡುತ್ತೇನೆ. ದೂರ ಅಂದರೆ ನೇರ ಗೆರೆಯ ದೂರ, ರಸ್ತೆಯದ್ದಲ್ಲ. ಸ್ಪೇನಿನ ಜರಗೋಝಾದಿಂದ ಬಾರ್ಸಿಲೋನಾಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ., ನೇರವಾಗಿ 250ರ ಆಸುಪಾಸು.

ಯಾವಾಗಲೂ ಎರಡು ಗಂಟೆ ಕಾಯುವುದು ಮೂರನೇ ದಾರಿ. ಖಂಡ ದಾಟುವಾಗ ಹೇಗೂ ಇದೇ ಗತಿ. ಆ ಹೊತ್ತಲ್ಲಿ ಪೋಕೆಮಾನ್‌ಗಳನ್ನು ಎವಾಲ್ವ್ ಮಾಡಬಹುದು (ಮುಂದಿನ ರೂಪಕ್ಕೆ ಬೆಳೆಸಬಹುದು), ಬೇಡದ್ದನ್ನು ಟ್ರಾನ್ಸ್‌ಫರ್ ಮಾಡಬಹುದು, ಅದರಿಂದ ಕೂಲ್‌ಡೌನ್ ಶುರುವಾಗಲ್ಲ. ಒಂದೇ ಊರೊಳಗೆ ಆಡುವುದಾದರೆ ಇಷ್ಟು ಕಾಯುವುದು ದಂಡ. ಆ್ಯಪ್‌ನ ಜಾಯ್‌ಸ್ಟಿಕ್‌ನಲ್ಲಿ ನಡಿಗೆಯ ವೇಗದಲ್ಲಿ ಹೋದರೆ ಸಾಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇವು ಮೂರೂ ಸಾಫ್ಟ್ ಬ್ಯಾನ್ ತಪ್ಪಿಸುತ್ತವೆ ಅಷ್ಟೇ, ಅಕೌಂಟ್ ಕಾಯುವುದಿಲ್ಲ. ಲೊಕೇಶನ್ ಬದಲಿಸುವುದೇ ಆಟದ ನಿಯಮಕ್ಕೆ ವಿರುದ್ಧ. ಮೊದಲ ಸಲ ಸಿಕ್ಕಿಬಿದ್ದರೆ ಎಚ್ಚರಿಕೆ ಬರುತ್ತದೆ, ಸುಮಾರು ಒಂದು ವಾರ ಅಪರೂಪದ ಪೋಕೆಮಾನ್ ಕಾಣಿಸಲ್ಲ. ಎರಡನೇ ಸಲ ಸುಮಾರು ಒಂದು ತಿಂಗಳು ಅಕೌಂಟ್ ಬಂದ್. ಮೂರನೇ ಸಲ ಶಾಶ್ವತವಾಗಿ ಹೋಗುತ್ತದೆ. ವರ್ಷಗಟ್ಟಲೆ ಬೆಳೆಸಿದ ಅಕೌಂಟ್ ಇದ್ದರೆ ದಯವಿಟ್ಟು ಅದನ್ನು ಇದಕ್ಕೆ ಇಳಿಸಬೇಡಿ. ದೂರದ ರೇಡ್ (ಬಲಿಷ್ಠ ಪೋಕೆಮಾನ್ ಜೊತೆಗಿನ ಕಾಳಗ) ಆಡಲೇಬೇಕಾದರೆ ಇದ್ದಲ್ಲಿಂದಲೇ ಸೇರಲು ರಿಮೋಟ್ ರೇಡ್ ಪಾಸ್ ಇದೆ ಅಲ್ವಾ? 2023ರ ಏಪ್ರಿಲ್‌ನಲ್ಲಿ ಒಂದು ಪಾಸ್ 100 ಕಾಯಿನ್‌ನಿಂದ 195ಕ್ಕೆ ಏರಿದ್ದು ನನಗೂ ಬೇಸರವೇ. ಆದರೂ ನನ್ನ ಮುಖ್ಯ ಅಕೌಂಟ್‌ನಲ್ಲಿ ನಾನು ಬಳಸುವುದು ಅದನ್ನೇ.